ಮೂರನೆಯ ಸಲಕ್ಕೆ ಹೂಂ

ಅಂಬುಹಿಮೇನಾ
21 ಆಗಸ್ಟ್ 1988

ಮಹಾಜನಗಳೇ! ಮುಂದೆ ಚಾಪೆಯ ಮೇಲೆ ಕೂತ ಹಿರಿಯರೇ, ಹಿಂದೆ ದೋಣಿಯ ಅಂಚಿಗೆ ಒರಗಿ ನಿಂತ ತರುಣರೇ, ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದ ತಾಯಂದಿರೇ! ಕಡಲ ಗಾಳಿ ಕ್ಷಣಕಾಲ ತಡೆಯಲಿ, ಅಲೆಗಳು ಮೆಲ್ಲಗೆ ಮುರಿಯಲಿ! ಮಾತಾಡುತ್ತಿರುವವನು ಬೆಟ್ಟದ ರಾತ್ಸಿಂಬ. ಮೂವತ್ತೊಂದು ವರ್ಷದಿಂದ ಮೇಳ ಕಟ್ಟಿ ಊರೂರು ತಿರುಗಿದ ಕೆಂಪು ಕೋಟಿನ ರಾತ್ಸಿಂಬ. ನಿಮ್ಮ ಮುಂದೆ ನಿಲ್ಲಲು ನಾನು ಯೋಗ್ಯನಲ್ಲ. ನನಗಿಂತ ಹಿರಿಯರಿದ್ದಾರೆ, ನನಗಿಂತ ಬಲ್ಲವರಿದ್ದಾರೆ. ಮಾತು ಕೆಟ್ಟರೆ ತಪ್ಪು ನನ್ನದು, ಮಾತು ಗೆದ್ದರೆ ಪುಣ್ಯ ನಮ್ಮ ಹಿರೀಕರದು!

ಸಹೂಲಿ, ಮಗಳೇ, ನಿಮ್ಮ ಊರಿನಲ್ಲಿ ಓದು ಬಲ್ಲವಳು ನೀನೊಬ್ಬಳೇ, ಕಾಗದ ಬಂದರೆ ಇಡೀ ಕೇರಿ ಸುತ್ತ ಕೂರುತ್ತದೆ ಎಂದು ಒಣಮೀನಿನ ಲಾರಿಯ ಲೀವಾ ಹೇಳಿದ. ಹಾಗಾಗಿ ಗಟ್ಟಿಯಾಗಿ ಓದು. ಹಿಂದಿನ ಸಾಲಿಗೂ ಕೇಳಿಸಬೇಕು.

ಆರು ವರ್ಷದ ಹಿಂದೆ ನಮ್ಮ ಮೇಳ ಮೊದಲ ಬಾರಿ ಪಶ್ಚಿಮದ ಕಡಲಿಗೆ ಇಳಿಯಿತು. ಇಳಿಯುವಾಗ ಇಪ್ಪತ್ತೆರಡು ಜನ. ಹತ್ತಿ ಬರುವಾಗ ಇಪ್ಪತ್ತೊಂದು. ಉಳಿದವಳು ಮೇಳದ ಮೊದಲ ಕೊರಳು, ನನ್ನ ಮಗಳು. ಒಬ್ಬ ಮೀನುಗಾರನಿಗಾಗಿ! ಆ ಮೇಲೆ ನಾನು ಕಾಗದ ಬರೆಯಲಿಲ್ಲ. ಅದು ಹಾಗಿರಲಿ.

ಈಗ ಸಭೆ ಕೇಳಬೇಕಾದ ಕಥೆ ಬೇರೆ. ನಿನ್ನ ಗಂಡ ಇಯಾನುವಿನ ಮನೆಯ ಹಿರಿಯ, ಬೆವಾತ ಅಜ್ಜ, ನಮ್ಮ ಬಾಗಿಲಿಗೆ ಬಂದ. ಎರಡು ದಿನ ದೋಣಿ, ಮೂರು ದಿನ ಲಾರಿ; ಹೆಗಲ ಮೇಲೆ ಒಂದು ಮೂಟೆ ಅಕ್ಕಿ. ನಿಮ್ಮ ಮಗು ಸುವಾಗೆ ಎರಡೂವರೆ ತುಂಬಿತು. ಹುಟ್ಟಿದ ಮಗುವಿನ ಮೂಳೆ ತಾಯಿಯ ಅಪ್ಪನದು. ಅವನು ಅಕ್ಕಿ ಸ್ವೀಕರಿಸಿ ಹೂಂ ಎಂದ ಮೇಲೆಯೇ ಅದು ತಂದೆಯ ಕಡೆಯ ಗೋರಿಬೇಲಿಯೊಳಗೆ ಸೇರಬಹುದು. ಇದು ಕಡಲಿನವರ ಕಟ್ಟಳೆ. ನಾನು ಅದನ್ನು ಗೌರವಿಸುತ್ತೇನೆ. ಗೌರವಿಸಿಯೇ ಅಂಗಳ ಗುಡಿಸಿದೆ, ಕೋಟು ಹಾಕಿದೆ, ಪಿಟೀಲು ತರಿಸಿದೆ. ಸುದ್ದಿ ಹಬ್ಬಿ ಮುನ್ನೂರು ಜನ ಸೇರಿದರು!

ಅಜ್ಜ ಎದ್ದು ನಿಂತ. ನಾವೆಲ್ಲ ಉಸಿರು ಹಿಡಿದೆವು.

“ಬಂದಿವ್ನಿ,” ಅಂದ. “ಅಕ್ಕಿ ತಂದಿವ್ನಿ. ಮಗೂನ ನಮಗೆ ಬುಡಿ.”

ಕೂತುಬಿಟ್ಟ!

ಮಹಾಜನಗಳೇ, ನನ್ನ ಜೀವಮಾನದಲ್ಲಿ ಇಷ್ಟು ಗಿಡ್ಡ ಸಭೆಮಾತು ಕೇಳಿರಲಿಲ್ಲ. ನಾನು ಎದ್ದೆ. ಒಂದು ಗಂಟೆ ಕೂರಲಿಲ್ಲ. ಈ ದ್ವೀಪದ ನಡುಬೆನ್ನಿನಂತಿರುವ ಬೆಟ್ಟಗಳನ್ನು ಕರೆದೆ, ಮೆಟ್ಟಿಲು ಗದ್ದೆಗಳನ್ನು ಕರೆದೆ, ಪಶ್ಚಿಮಕ್ಕೆ ಹರಿಯುವ ಕೆಂಪು ಹೊಳೆಗಳನ್ನು ಕರೆದೆ. “ನನ್ನ ಅಪ್ಪನ ಪಕ್ಕ ಮಲಗಬೇಕಾದ ಮೂಳೆಗಳು! ಒಂದು ಮೂಟೆ ಅಕ್ಕಿಗೆ ಕೊಡುವೆನೇ? ಇಲ್ಲ! ಇಲ್ಲ! ಇಲ್ಲ!” ಮೇಳದ ಝಾಫಿ ಡೋಲು ಬಡಿದ. ಹೆಂಗಸರು ಹೊದಿಕೆ ಬೀಸಿದರು. ಅಜ್ಜ ಪಕ್ಕಕ್ಕೆ ಬಾಗಿ ಝಾಫಿಯನ್ನು ಕೇಳಿದನಂತೆ, “ಏನಂದ್ರು?”

“ಇಲ್ಲ ಅಂದ್ರು ತಾತ,” ಅಂದನಂತೆ ಝಾಫಿ. “ಚೆನ್ನಾಗಿ ಅಂದ್ರು.”

ಮರುದಿನ ಎರಡನೆಯ ಸುತ್ತಿಗೆಂದು ಹುಂಜ ಕೊಯ್ಯಿಸಿದ್ದೆ. ನೋಡಿದರೆ ಅಜ್ಜನೂ ಇಲ್ಲ, ಮೂಟೆಯೂ ಇಲ್ಲ. ಭಾರಿ ಆಟಗಾರ! ಆಂಟ್ಸಿರಾಬೆಯಿಂದ ಯಾರಾದರೂ ಒಳ್ಳೆಯ ಮಾತುಗಾರನನ್ನು ಹಿಡಿದು ತರಲು ಹೋಗಿದ್ದಾನೆ. ಇವತ್ತಿಗೆ ನಾಲ್ಕು ದಿನ. ಕಾಯುತ್ತಿದ್ದೇನೆ.

_(ಈ ಸಾಲನ್ನು ಗಟ್ಟಿಯಾಗಿ ಓದಬೇಡ: ಮೂರನೆಯ ಸಲಕ್ಕೆ ಹೂಂ ಅನ್ನುತ್ತೇನೆ. ನೀನು ಮೇಳದಲ್ಲಿ ಬೆಳೆದವಳು, ನಿನಗೆ ಗೊತ್ತು.)_

ನಿನ್ನ ಅಪ್ಪ,
ರಾತ್ಸಿಂಬ


ಅಂಪಾಸಿಲಾವಾ
30 ಸೆಪ್ಟೆಂಬರ್ 1988

ಅಪ್ಪಾ,

ನಿಮ್ಮ ಕಾಗದ ಗಟ್ಟಿಯಾಗಿಯೇ ಓದಿದೆ. ಓದಬೇಡ ಎಂದ ಸಾಲನ್ನೂ ಓದಿದೆ.

ಬೆವಾತ ಅಜ್ಜ ಮಾತುಗಾರನನ್ನು ಹುಡುಕಲು ಹೋಗಲಿಲ್ಲ. ಊರಿಗೆ ಬಂದರು. ಮೂಟೆಯನ್ನು ದೋಣಿ ಚಪ್ಪರದ ಕೆಳಗಿಟ್ಟು, ನೀರು ಕುಡಿದು, ಎರಡು ದಿನ ಗಾಳ ಹಾಕಿಕೊಂಡು ಕೂತರು. ಮೂರನೆಯ ದಿನ ನಾನೇ ಹತ್ತಿರ ಹೋಗಿ ಕೇಳಿದೆ.

“ಇಲ್ಲ ಅಂದ್ರು ಕಣವ್ವ,” ಅಂದರು. “ಮೂರ್ ಸಲ ಅಂದ್ರು. ಒಂದ್ಸಲ ಅಂದಿದ್ರೆ ನನ್ ಕಿವೀನೇ ಮಂದ ಅನ್ಕೋತಿದ್ದೆ.”

“ಅದು ಅಲ್ಲಿನ ರೀತಿ ಅಜ್ಜಾ. ಮೊದಲು ಹಾಗೆ ಅನ್ನುತ್ತಾರೆ.”

“ಡೋಲು ಬಡಿದ್ರು.”

“ಅದೂ ರೀತಿಯೇ.”

“ಜನ ನಕ್ರು. ಅದೂನೂ ರೀತೀನಾ?”

ನಿಮ್ಮ ಗುಟ್ಟಿನ ಸಾಲು ಕೇಳಿ ಇಯಾನುವಿನ ಸೋದರತ್ತೆ ಬಿದ್ದು ಬಿದ್ದು ನಕ್ಕಳು. “ಹೂಂ ಅನ್ನೋಕೆ ಮೂರ್ ಸಲ ಇಲ್ಲ ಅನ್ಬೇಕಾ? ಉಣ್ತೀರಾ ಅಂತ ಕೇಳಿದ್ರೆ ನಿಮ್ಮೂರಲ್ಲಿ ಜನ ಉಪವಾಸ ಸಾಯ್ತಾರಾ?” ಅಂದಳು. ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. “ಮುನ್ನೂರು ಜನದ ಮುಂದೆ ಇಲ್ಲ ಅಂದೋನು ಕಾಗದದಲ್ಲಿ ಹೂಂ ಅಂದ್ರೆ ನಾನು ಯಾವುದನ್ನ ನಂಬ್ಲಿ?” ಅಂದರು. ಅವರು ಇನ್ನೊಮ್ಮೆ ಬೆಟ್ಟ ಹತ್ತುವುದಿಲ್ಲ, ಅಪ್ಪಾ. ಇಯಾನು ಶಾರ್ಕ್ ಹಿಡಿಯಲು ಉತ್ತರದ ನಡುಗಡ್ಡೆಗಳಿಗೆ ಹೋಗಿದ್ದಾನೆ. ಬರುವುದು ಡಿಸೆಂಬರಿಗೆ.

ನೀವೇ ಇಳಿದು ಬನ್ನಿ. ಮೇಳ ಬೇಡ, ಕೋಟು ಬೇಡ. ಮೂಟೆ ಇಲ್ಲೇ ಇದೆ. ಮರಳಿನ ಮೇಲೆ ನಿಂತು, ಇವರ ಕಡೆ ನೋಡಿ, ಹೂಂ ಅಂದರೆ ಸಾಕು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ.

ಬದುಕಿರುವ ಮಗು ಯಾರ ಮನೆಯಲ್ಲಿ ಉಂಡರೂ ಸರಿ, ಅದನ್ನು ಯಾರೂ ಕೇಳುವುದಿಲ್ಲ. ಸುವಾ ಇಲ್ಲಿ ಎಲ್ಲರ ಮನೆಯಲ್ಲೂ ಉಣ್ಣುತ್ತಾಳೆ. ಏಡಿಗಳ ಹಿಂದೆ ಓಡುತ್ತಾಳೆ, ಹಾಡುತ್ತಾಳೆ. ಆದರೆ ಆಚೀಚೆ ಮನೆಯ ಮಗು ಕೆಮ್ಮಿದರೆ ಬರೀ ಕೆಮ್ಮು. ನನ್ನ ಮಗು ಕೆಮ್ಮಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನಿಮ್ಮ ಮಗಳು,
ಸಹೂಲಿ


ಅಂಬುಹಿಮೇನಾ
6 ನವೆಂಬರ್ 1988

ಮಹಾಜನಗಳೇ! ಹಿರಿಯ ಬೆವಾತರೇ, ವಿಶೇಷವಾಗಿ ನಿಮಗೆ!

ಇಳಿದು ಬರುವುದೇ? ನಾನೇ? ಕೇಳುವವನು ಹತ್ತಿ ಬರಬೇಕು, ಕೊಡುವವನು ಬಾಗಿಲಲ್ಲಿ ನಿಂತಿರಬೇಕು! ಕೊಡುವವನೇ ಚೀಲ ಹೆಗಲಿಗೇರಿಸಿ ಕೇಳುವವನ ಮನೆಗೆ ಹೊರಟರೆ ಅದು ಕೊಡುವುದಲ್ಲ, ಬಿಸಾಕುವುದು. ನನ್ನ ಮೊಮ್ಮಗಳನ್ನು ನಾನು ಬಿಸಾಕಲಾರೆ.

ಸಹೂಲಿಯ ತಾಯಿಯನ್ನು ಕೇಳಲು ನಾನು ಹೋದಾಗ ಅವಳ ಅಪ್ಪ ನನ್ನನ್ನು ಒಂದು ವರ್ಷ ಅಲೆಸಿದ. ಮೊದಲ ಸಲ, ಮಾತಿನ ಆರಂಭದಲ್ಲಿ ಹಿರೀಕರಿಗೆ ಕೈ ಮುಗಿಯಲು ಮರೆತೆ ಎಂದು ಅಟ್ಟಿದ. ಎರಡನೆಯ ಸಲ, ಕುರಿ ತಂದಿದ್ದೇನೆ ಎಂದು ನೇರವಾಗಿ ಅಂದೆನೆಂದು ಅಟ್ಟಿದ. ಸುತ್ತಿ ಬಳಸಿ ಹೇಳಬೇಕಿತ್ತಂತೆ. ಅಂಗಳ ತುಂಬ ಜನ ನಕ್ಕರು. ನಾನೂ ನಕ್ಕೆ! ಮೂರನೆಯ ಸಲ ಎಂಥ ಮಾತು ಕಟ್ಟಿಕೊಂಡು ಹೋದೆನೆಂದರೆ ಮಾವ ಕಣ್ಣೊರೆಸಿಕೊಂಡು ಎದ್ದುಬಂದು ತಬ್ಬಿಕೊಂಡ. ಇಲ್ಲ ಎನ್ನುವುದು ಮಾನ ಕಳೆಯಲು ಅಲ್ಲ, ಮಾನ ಕೊಡಲು. ನೀನು ದೊಡ್ಡವನು, ನಿನ್ನ ಹತ್ತಿರ ಇನ್ನೂ ಮಾತಿದೆ, ನಾನು ಕಾಯುತ್ತೇನೆ ಎಂದು ಅದರ ಅರ್ಥ. ಬೆವಾತರು ಮೊದಲ ಬಾಗಿಲಲ್ಲೇ ಬೆನ್ನು ತಿರುಗಿಸಿದರೆ ಮಾನ ಹೋದದ್ದು ಯಾರದ್ದು? ಮಾಡಿಸಿಟ್ಟ ಹುಂಜವನ್ನು ನಾನೊಬ್ಬನೇ ತಿನ್ನಬೇಕಾಯಿತು!

ಈ ದ್ವೀಪ ಒಂದೇ ದೋಣಿ, ಬೆಟ್ಟದವನೂ ಕಡಲಿನವನೂ ಒಂದೇ ಹುಟ್ಟಿನ ಎರಡು ತುದಿ ಎಂದು ಪ್ರತಿ ಭಾನುವಾರ ಸಂತೆಮಾಳದಲ್ಲಿ ಹಾಡುತ್ತೇನೆ. ಐದು ಸಾವಿರ ಜನ ಚಪ್ಪಾಳೆ ತಟ್ಟುತ್ತಾರೆ. ಕಡಲಿನವರಿಗೆ ಅದು ಕೇಳಿಸುವುದೇ ಇಲ್ಲವೇ?

ಆದರೂ ನಾನು ಹಟಮಾರಿಯಲ್ಲ. ಇನ್ನೊಮ್ಮೆ ಬನ್ನಿ. ಎರಡನೆಯ ಸಲಕ್ಕೇ ಹೂಂ ಅಂದುಬಿಡುತ್ತೇನೆ. ಮಧ್ಯೆ ಸ್ವಲ್ಪ ಮಾತಾಡುತ್ತೇನೆ, ಹೆಚ್ಚಲ್ಲ. ಜನ ಬಂದಿರುತ್ತಾರೆ, ಅವರನ್ನು ಬರಿಗೈಯಲ್ಲಿ ಕಳಿಸಲಾಗುವುದಿಲ್ಲ.

ರಾತ್ಸಿಂಬ

ಮಗು ಹಾಡುತ್ತದೆ ಎಂದು ಬರೆದಿದ್ದೀಯ. ಯಾವ ಶ್ರುತಿಯಲ್ಲಿ? ನಿನ್ನ ತಾಯಿ ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದಳು.


ಅಂಪಾಸಿಲಾವಾ
18 ಡಿಸೆಂಬರ್ 1988

ಅಪ್ಪಾ,

ಇದನ್ನು ಯಾರಿಗೂ ಓದಿ ಹೇಳುವುದಿಲ್ಲ. ಗಟ್ಟಿಯಾಗಿ ಓದಿದಾಗಲೆಲ್ಲ ಕೆಟ್ಟಿದೆ.

ಇಯಾನು ಬಂದ. ಮೈಯೆಲ್ಲ ಉಪ್ಪು, ಕೈಯೆಲ್ಲ ಗಾಯ. ವಿಷಯ ಕೇಳಿ, “ನಾನೇ ಹೋಗ್ತೀನಿ,” ಅಂದ. ಬೆವಾತ ಅಜ್ಜ, “ಹೋಗು, ಹೋಗು. ಡೋಲು ಬಡಿಸ್ಕೊಂಡು ಬಾ,” ಅಂದರು. ಹಳೆ ಅಕ್ಕಿಗೆ ಹುಳ ಬಿದ್ದಿದೆ. ಇಯಾನು ಹೊಸ ಮೂಟೆ ಹೊಂದಿಸುತ್ತಿದ್ದಾನೆ. ಹೊಸ ವರ್ಷ ಕಳೆದು ಒಂದು ವಾರಕ್ಕೆ ಹೊರಡುತ್ತಾನೆ. ಅವನಿಗೆ ಮಾತು ಬರುವುದಿಲ್ಲ, ಅಪ್ಪಾ. ನನ್ನನ್ನು ಮದುವೆಗೆ ಕೇಳಿದಾಗ ಆಡಿದ್ದು ಇಷ್ಟೇ: “ಇಲ್ಲೇ ಇರ್ತೀಯಾ?”

ನಾನು ಆಗ ನಿಮ್ಮನ್ನು ಯಾಕೆ ಕೇಳಲಿಲ್ಲ ಎಂದು ನೀವು ಆರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಹೇಳಿಬಿಡುತ್ತೇನೆ. ಕೇಳಿದ್ದರೆ ನೀವು ಇಲ್ಲ ಅನ್ನುತ್ತಿದ್ದಿರಿ. ಅದು ಮೊದಲನೆಯ ಇಲ್ಲ, ಆಟದ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾನು ಅಲ್ಲೇ ನಿಂತುಬಿಡುತ್ತಿದ್ದೆ. ಮೇಳದಲ್ಲಿ ಹುಟ್ಟಿದವಳಿಗೇ ಹೀಗಾದರೆ ಬೆವಾತ ಅಜ್ಜನ ಗತಿ ಏನು?

ತೆಂಕಣ ಹಳ್ಳಿಯಲ್ಲಿ ದಡಾರ ಎದ್ದಿದೆ. ಮೂರು ಮಕ್ಕಳು ಹೋದವು. ಮೂರನ್ನೂ ಬೇಲಿಯೊಳಗೆ ಮಲಗಿಸಿದರು, ಅಜ್ಜಿ ಮುತ್ತಜ್ಜಿಯರ ನಡುವೆ. ಅದನ್ನು ಹೇಳಲು ಬಂದ ಹೆಂಗಸು ಸುವಾಳನ್ನು ಕಂಡದ್ದೇ ಮಾತು ಬದಲಿಸಿದಳು.

ಮಳೆ ಶುರುವಾಗಿದೆ. ಆದರೆ ಮಿಯಾಂಡ್ರಿವಾಜುವಿನವರೆಗೆ ಲಾರಿ ಇನ್ನೂ ಓಡುತ್ತಿದೆಯಂತೆ, ಅಲ್ಲಿಂದೀಚೆಗೂ ದಾರಿ ಇದೆಯಂತೆ. ಇಯಾನು ಹತ್ತುವುದಕ್ಕಿಂತ ನೀವು ಇಳಿಯುವುದು ಬೇಗ. ಅಪ್ಪಾ, ನಾನು ಏನನ್ನೂ ಕೇಳಿದವಳಲ್ಲ. ಬನ್ನಿ.

ಸಹೂಲಿ


ಅಂಬುಹಿಮೇನಾ
22 ಜನವರಿ 1989

ಮಗಳೇ,

ಮಹಾಜನಗಳೇ ಎನ್ನುವುದಿಲ್ಲ. ಇದು ನಿನಗೊಬ್ಬಳಿಗೆ.

ಇಯಾನು ಇನ್ನೂ ಬಂದಿಲ್ಲ. ರಸ್ತೆಯ ತಿರುವಿನಲ್ಲಿ ಲಾರಿಯ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. ನಿನ್ನ ಕಾಗದ ಓದಿ ಏನೇನೋ ಬರೆಯಬೇಕೆಂದುಕೊಂಡೆ. ಬರೆದದ್ದೆಲ್ಲ ಉದ್ದವಾಯಿತು, ಹರಿದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಈ ತಿಂಗಳ ಎರಡನೇ ತಾರೀಖು ನಾನು ಹೊರಟಿದ್ದೆ. ಹೌದು, ಇಳಿಯಲು! ಚೀಲ ಕಟ್ಟಿಕೊಂಡು ಆಂಟ್ಸಿರಾಬೆಯ ಲಾರಿ ನಿಲ್ದಾಣದವರೆಗೆ ಬಂದು ಲೀವಾ ಪಕ್ಕದ ಸೀಟು ಹಿಡಿದು ಕೂತೂ ಆಗಿತ್ತು. ಆಗ ಝಾಫಿ ಓಡಿಬಂದ. ಪಕ್ಕದ ಊರಿನ ಮೇಳದವರು ಭಾನುವಾರಕ್ಕೆ ಪಂಥ ಕಟ್ಟಿದ್ದಾರೆ, ರಾತ್ಸಿಂಬನಿಗೆ ವಯಸ್ಸಾಯಿತು, ಮಗಳು ಹೋದ ಮೇಲೆ ಮೇಳವೂ ಹೋಯಿತು ಎಂದು ಸಂತೆಯಲ್ಲಿ ಸಾರಿದ್ದಾರೆ ಅಂದ. ಒಂದು ಭಾನುವಾರ ತಾನೇ ಎಂದುಕೊಂಡು ಇಳಿದೆ. ಗೆದ್ದೆವು. ಎಂಥ ಗೆಲುವೆಂದರೆ ಅವರ ತುತ್ತೂರಿಯವನೇ ಬಂದು ನನ್ನ ಕಾಲು ಮುಟ್ಟಿದ. ಸೋಮವಾರದಿಂದ ಮಳೆ. ಈಗ ಹೊಳೆ ರಸ್ತೆಯ ಮೇಲೆ ಹರಿಯುತ್ತಿದೆ. ಲೀವಾನ ಸುದ್ದಿಯೇ ಇಲ್ಲ.

ಆದರೆ ಕೇಳು, ಇಯಾನು ಬಂದರೆ ನಾನು ಮೊದಲ ಸಲಕ್ಕೇ ಹೂಂ ಅನ್ನುತ್ತೇನೆ. ಅಭ್ಯಾಸವನ್ನೂ ಮಾಡಿದೆ. ಝಾಫಿಯನ್ನು ಇಯಾನು ಮಾಡಿ ಬಾಗಿಲಲ್ಲಿ ನಿಲ್ಲಿಸಿದೆ.

“ಅಕ್ಕಿ ತಂದಿದೀನಿ ಮಾವಾ,” ಅಂದ ಝಾಫಿ.

“ಹೂಂ,” ಅಂದೆ.

ಝಾಫಿ ಕಾದ. ಆಮೇಲೆ, “ಯಜಮಾನ್ರೇ, ಗಂಟಲಿಗೆ ಏನಾದ್ರೂ ಸಿಕ್ಕೊಂಡಿದ್ಯಾ?” ಅಂದ.

“ಇಲ್ಲ ಕಣೋ. ಅಷ್ಟೇ.”

“ಅಷ್ಟೇನಾ? ಪಾಪ, ಅಷ್ಟು ದೂರದಿಂದ ಬಂದಿದಾನೆ. ಒಂದೆರಡು ಮಾತಾದ್ರೂ ಹಾಕಿ.”

ಹಾಕಿದೆ. ಕಾಲು ಗಂಟೆಯಾಯಿತು. ಕೊನೆಗೆ ನೋಡಿದರೆ ಹೂಂ ಅನ್ನುವುದನ್ನೇ ಮರೆತಿದ್ದೆ. ಮತ್ತೆ ಮೊದಲಿನಿಂದ ಮಾಡಿದೆವು. ಈಗ ಬರುತ್ತದೆ. ದಿನಾ ಗದ್ದೆಯ ಬದುವಿನ ಮೇಲೆ ನಡೆಯುತ್ತ ಅಂದುಕೊಳ್ಳುತ್ತೇನೆ. ಹೂಂ. ಹೂಂ. ನಾಟಿ ಮಾಡುವ ಹೆಂಗಸರು ನನ್ನನ್ನು ನೋಡಿ ನಗುತ್ತಾರೆ. ನಗಲಿ.

ಸುವಾಗೆ ಹೇಳು, ಬೆಟ್ಟದಲ್ಲಿ ಅವಳಿಗೊಬ್ಬ ಅಜ್ಜ ಇದ್ದಾನೆ, ತುಂಬಾ ಗಲಾಟೆ ಮಾಡುತ್ತಾನೆ, ಹೆದರಬಾರದು ಎಂದು.

ನಿನ್ನ ಅಪ್ಪ


ಅಂಪಾಸಿಲಾವಾ
17 ಜನವರಿ 1989
(ಲಕೋಟೆಯ ಮೇಲೆ ರಾತ್ಸಿಂಬನ ಕೈಬರಹ: ತಲುಪಿದ್ದು 20 ಫೆಬ್ರವರಿ)

ಮಾವಾ,

ನಾನು ಇಯಾನು. ನಾನು ಹೇಳ್ತೀನಿ, ಸಹೂಲಿ ಬರೀತಾಳೆ. ನಂಗೆ ಬರೆಯೋಕೆ ಬರಲ್ಲ. ಬೇರೆ ಯಾರಿಗೂ ಬರಲ್ಲ.

ಸುವಾ ಹೋದ್ಲು. ಹನ್ನೊಂದನೇ ತಾರೀಕು, ಮಧ್ಯಾಹ್ನ, ನೀರು ಇಳಿಯೋ ಹೊತ್ತಲ್ಲಿ. ದಡಾರ. ಆರು ದಿನ ಜ್ವರ ಇತ್ತು. ನಾನು ಎಂಟನೇ ತಾರೀಕು ಅಕ್ಕಿ ತಗೊಂಡು ನಿಮ್ಮ ಕಡೆ ಹೊರಟೆ. ಜ್ವರ ಇರೋವಾಗ ಬಿಟ್ಟು ಹೋಗ್ಬೇಡ ಅಂದ್ರು ಒಂದಷ್ಟು ಜನ. ಅದಕ್ಕೇ ಈಗ್ಲೇ ಹೋಗು ಅಂದ್ರು ಇನ್ನೊಂದಷ್ಟು ಜನ. ನಾನು ಹೋದೆ. ಮುರುಂಡಾವಾ ತಲುಪಿ ಲಾರಿಗೆ ಕಾಯ್ತಿದ್ದೆ. ನನ್ನ ತಮ್ಮ ದೋಣಿ ತಗೊಂಡು ಹಿಂದೇನೇ ಬಂದ. ಅವನ ಮುಖ ನೋಡಿ ಮೂಟೆ ಅಲ್ಲೇ ಬಿಟ್ಟೆ.

ನಾನು ಬರೋವಾಗ ಮಲಗಿಸಿಟ್ಟಿದ್ರು. ಎಲ್ಲಾ ಹಿರಿಯರೂ ಕೂತ್ರು. ನಾನು ಕಾಲಿಗೆ ಬಿದ್ದೆ. ಬೆವಾತ ತಾತ ಅತ್ರು. ಅವರು ಅತ್ತಿದ್ದು ನಾನು ಯಾವತ್ತೂ ನೋಡಿರಲಿಲ್ಲ. ಆದ್ರೆ ಬೇಲಿ ತೆಗೆಯೋಕಾಗಲ್ಲ ಅಂದ್ರು. “ಮೂಳೆ ನಮ್ದಲ್ಲ. ನಮ್ದಲ್ಲದ್ದನ್ನ ಒಳಗಿಟ್ರೆ ಒಳಗಿರೋರು ಏಳ್ತಾರೆ, ಉಳಿದ ಮಕ್ಕಳನ್ನೂ ಕರ್ಕೋತಾರೆ,” ಅಂದ್ರು. ಊರಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಜ್ವರ ಇದೆ.

ಬೇಲಿ ಹೊರಗೆ ಮರಳಲ್ಲಿ ಇಟ್ಟಿದೀವಿ. ದೋಣಿ ಹಾಯಿ ಸುತ್ತಿದೀವಿ. ಮೇಲೆ ಹುಟ್ಟು ನೆಟ್ಟಿದೀವಿ. ಅದು ಸದ್ಯಕ್ಕೆ. ಅವಳ ಯಜಮಾನ್ರು ನೀವು. ನೀವು ಬಂದು ಏನು ಮಾಡಬೇಕು ಹೇಳಿ.

ಸಹೂಲಿಗೆ ಇದನ್ನ ಬರೀಬೇಡ, ಪಾದ್ರಿಗಳು ಬಂದಾಗ ಅವರ ಹತ್ರ ಬರೆಸ್ತೀನಿ ಅಂದೆ. ಬರೀತಾ ಇದಾಳೆ. ಈ ಮಾತನ್ನೂ ಬರೀತಾ ಇದಾಳೆ.

ಹೇಳಿದವನು, ಇಯಾನು
ಬರೆದವಳು, ಸಹೂಲಿ


ಅಂಬುಹಿಮೇನಾ
21 ಫೆಬ್ರವರಿ 1989

ಸಹೂಲಿ, ಇಯಾನು, ಹಿರಿಯ ಬೆವಾತರು,

ಕೆಳಗೆ ಸಹಿ ಹಾಕಿದ ನಾನು, ರಾತ್ಸಿಂಬ, ಸುವಾಳ ತಾಯಿಯ ತಂದೆ, ಇಯಾನುವಿನ ಮನೆಯವರು ತಂದ ಅಕ್ಕಿಯನ್ನು ಸ್ವೀಕರಿಸಿದ್ದೇನೆ. ಮೊದಲನೆಯ ಮೂಟೆಯನ್ನೂ ಸ್ವೀಕರಿಸಿದ್ದೇನೆ, ಮುರುಂಡಾವಾದಲ್ಲಿ ಉಳಿದ ಎರಡನೆಯದನ್ನೂ ಸ್ವೀಕರಿಸಿದ್ದೇನೆ. ಹೂಂ. ಹೂಂ. ಹೂಂ. ಮಗು ನಿಮ್ಮದು. ಬೇಲಿ ತೆಗೆಯಿರಿ.

ಅಂದು ಅಂಗಳದಲ್ಲಿ ಇದ್ದವರಲ್ಲಿ ನಲವತ್ತೊಂದು ಜನ ಹೆಬ್ಬೆಟ್ಟು ಒತ್ತಿದ್ದಾರೆ. ಮನೆ ಮನೆಗೆ ಹೋಗಿ ಒತ್ತಿಸಿದೆ. ಲಾರಿ ಇನ್ನೂ ಓಡುತ್ತಿಲ್ಲ, ನಡೆದು ಹೋಗುವ ಅಂಚೆಯವನ ಕೈಲಿ ಕಳಿಸುತ್ತಿದ್ದೇನೆ. ಮೊದಲನೆಯದು ಝಾಫಿಯದು.

ರಾತ್ಸಿಂಬ


ಅಂಪಾಸಿಲಾವಾ
25 ಮಾರ್ಚ್ 1989

ಅಪ್ಪಾ,

ಓದಿದೆ. ಹೆಬ್ಬೆಟ್ಟುಗಳನ್ನು ಎಲ್ಲರೂ ನೋಡಿದರು. ಬೆವಾತ ಅಜ್ಜ ಕಾಗದದ ಮೇಲೆ ಬೆರಳಾಡಿಸಿ ಒಂದೊಂದನ್ನೂ ಮುಟ್ಟಿದರು. ಆಮೇಲೆ ಮಡಿಸಿ ನನ್ನ ಕೈಗೆ ಕೊಟ್ಟರು. “ಅಕ್ಕಿ ಬದುಕಿರೋ ಮಗೂಗೆ ಕಣವ್ವ,” ಅಂದರು. “ಸತ್ತಿರೋರಿಗೆ ಕೇಳೋ ರೀತಿ ನಮ್ಮಲ್ಲಿಲ್ಲ. ಇದ್ದಿದ್ರೆ ನಾನೇ ಇನ್ನೊಂದ್ ಸಲ ಬೆಟ್ಟ ಹತ್ತುತಿದ್ದೆ.” ಅವರ ಮೇಲೆ ನನಗೆ ಕೋಪವಿಲ್ಲ. ಯಾರ ಮೇಲೂ ಇಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಮೊನ್ನೆಯ ಬಿರುಗಾಳಿಗೆ ದಿಬ್ಬ ಕರಗಿತು. ಹುಟ್ಟು ಬಿತ್ತು. ಇಯಾನು ಕೈಯಿಂದಲೇ ಅಗೆದು ಅವಳನ್ನು ಇನ್ನೂ ಮೇಲಕ್ಕೆ, ಮುಳ್ಳುಕಾಡಿನ ಅಂಚಿಗೆ ಒಯ್ದ. ಇದು ಎರಡನೆಯ ಸಲ. ಮರಳು ನಿಲ್ಲುವುದಿಲ್ಲ, ಅಪ್ಪಾ. ಇನ್ನೊಂದು ಮಳೆಗಾಲ ಕಳೆದರೆ ಅವಳು ಎಲ್ಲಿದ್ದಾಳೆ ಎಂದು ಯಾರಿಗೂ ತಿಳಿಯುವುದಿಲ್ಲ.

ನೀವು ಬಂದು ತೆಗೆದುಕೊಂಡು ಹೋಗಿ. ನಿಮ್ಮ ಕಲ್ಲುಗೋರಿಯಲ್ಲಿ ಅವಳಿಗೆ ಜಾಗ ಇದೆ, ಅಮ್ಮ ಅಲ್ಲಿದ್ದಾಳೆ. ಬೇಲಿಯೊಳಗೆ ನನಗೆ ಜಾಗ ಇದೆ, ಇಯಾನುವಿನ ಹೆಂಡತಿಯೆಂದು. ಅವಳಿಗಿಲ್ಲ. ನಾನು ಇಲ್ಲೇ ಇರುತ್ತೇನೆ. ಅವನೊಬ್ಬನನ್ನೇ ಬಿಟ್ಟು ಬರಲಾರೆ. ಈ ಜನ್ಮ ಮುಗಿದ ಮೇಲೂ ನಾನೂ ಅವಳೂ ಐದು ದಿನದ ದಾರಿಯಷ್ಟು ದೂರ. ಲೆಕ್ಕ ಹಾಕಿ ಹಾಕಿ ನೋಡಿದೆ, ಬೇರೆ ದಾರಿ ಕಾಣಲಿಲ್ಲ.

ಬರುವಾಗ ನನ್ನನ್ನು ಮಾತಾಡಿಸಬೇಡಿ.

ಸಹೂಲಿ


ಅಂಬುಹಿಮೇನಾ
23 ಏಪ್ರಿಲ್ 1989

ಮಗಳೇ,

ರಸ್ತೆ ತೆರೆದಿದೆ. ಲೀವಾ ಬಂದ, ನಿನ್ನ ಕಾಗದ ಕೊಟ್ಟ, ನಿಂತ. ಯಾವತ್ತೂ ಹರಟುವವನು ಅವತ್ತು ಲಾರಿಯ ಚಕ್ರ ನೋಡುತ್ತ ನಿಂತ.

ಜನವರಿ ಎರಡನೇ ತಾರೀಖು ಆ ಸೀಟಿನಿಂದ ಇಳಿಯದಿದ್ದರೆ ಏಳಕ್ಕೆ ನಿಮ್ಮ ಮರಳಿನ ಮೇಲೆ ಇರುತ್ತಿದ್ದೆ. ಲೀವಾ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವನಿಗೂ ಲೆಕ್ಕ ಬರುತ್ತದೆ.

ಇವತ್ತು ಭಾನುವಾರ. ಮೇಳಕ್ಕೆ ಹೋಗುವುದಿಲ್ಲ ಎಂದುಕೊಂಡಿದ್ದೆ. ತಿಂಗಳ ಹಿಂದೆಯೇ ಒಪ್ಪಿಕೊಂಡ ಆಟ, ಇಪ್ಪತ್ತು ಜನರ ಹೊಟ್ಟೆ, ಹೋದೆ. ಕೋಟಿನ ಗುಂಡಿ ಹಾಕುವಾಗ ಅಂದುಕೊಂಡೆ, ಇವತ್ತು ಗಂಟಲು ಕಟ್ಟುತ್ತದೆ, ನಡುವೆ ನಿಂತುಬಿಡುತ್ತೇನೆ, ಜನ ನೋಡಿ ತಿಳಿದುಕೊಳ್ಳುತ್ತಾರೆ. ಸಹೂಲಿ, ಗಂಟಲು ಕಟ್ಟಲಿಲ್ಲ. ಕಟ್ಟಬೇಕಿತ್ತು. ಮಾತು ಹೊಳೆಯ ಹಾಗೆ ಬಂತು. ಕೈ ತಾನಾಗಿ ಎದ್ದಿತು, ಎಲ್ಲಿ ತಡೆಯಬೇಕೋ ಅಲ್ಲಿ ಉಸಿರು ತಡೆಯಿತು. ಜನ ಹುಚ್ಚೆದ್ದು ಕೂಗಿದರು. ಝಾಫಿ ಡೋಲು ಬಾರಿಸುತ್ತ ಬಾರಿಸುತ್ತ ನನ್ನ ಮುಖ ನೋಡಿದ, ಆಮೇಲೆ ನೋಡಲಿಲ್ಲ. ಈ ಮೈಯೊಳಗೆ ಮಾತಾಡುವವನು ಯಾರೋ ಬೇರೆ ಇದ್ದಾನೆ. ನನ್ನ ಮೊಮ್ಮಗಳು ಹೋದದ್ದು ಅವನಿಗೆ ಗೊತ್ತೇ ಇಲ್ಲ.

ಮನೆತನದ ಹಿರಿಯರನ್ನು ಕೇಳಿದೆ. ಕಲ್ಲುಗೋರಿಯ ಬಾಗಿಲು ತೆರೆಯಲು ಒಪ್ಪಿದ್ದಾರೆ. ದಿನ ನೋಡುವವನು ಜೂನ್ ತಿಂಗಳ ಒಂದು ಗುರುವಾರ ಹೇಳಿದ. ಈಶಾನ್ಯದ ಮೂಲೆಯಲ್ಲಿ ನಿನ್ನ ತಾಯಿ ಇದ್ದಾಳೆ. ಅವಳ ಮಗ್ಗುಲಲ್ಲಿ ಜಾಗ ಮಾಡುತ್ತೇವೆ. ಆ ಮಗ್ಗುಲನ್ನು ನನಗೆಂದು ಬಿಟ್ಟಿದ್ದೆವು. ನಾನು ಬಾಗಿಲ ಹತ್ತಿರ ಎಲ್ಲಾದರೂ ಮಲಗುತ್ತೇನೆ.

ನಾನು ಬರುವಾಗ ನಿನ್ನನ್ನು ಮಾತಾಡಿಸುವುದಿಲ್ಲ. ನೀನು ಮನೆಯೊಳಗಿರು. ಹೊರಗೆ ಬಂದು ನಿಂತರೂ ನಾನು ಕಣ್ಣೆತ್ತುವುದಿಲ್ಲ. ಅವಳನ್ನು ಇಯಾನು ನನ್ನ ಕೈಗೆ ಕೊಡುವಾಗ ಏನನ್ನಬೇಕೆಂದು ಕೇಳಿಕೊಂಡೆ. ಅಲ್ಲಿ ಅನ್ನುವಂಥದ್ದು ಏನೂ ಇಲ್ಲ. ಕೈ ಚಾಚುತ್ತೇನೆ, ಅಷ್ಟೇ. ಲಾರಿಯಲ್ಲಿ ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ, ಹಿಂದೆ ಮೀನಿನ ಜೊತೆ ಹಾಕಲು ಬಿಡುವುದಿಲ್ಲ. ಲೀವಾಗೆ ಹೇಳಿದ್ದೇನೆ. “ಹೇಳ್ಬೇಕಾ ಯಜಮಾನ್ರೇ,” ಅಂದ.

ಹಾಯಿಬಟ್ಟೆಯಲ್ಲಿ ಅವಳನ್ನು ಒಳಗೆ ಒಯ್ಯಲಾಗುವುದಿಲ್ಲ. ನಮ್ಮವರು ರೇಷ್ಮೆಯಲ್ಲಿ ಮಲಗುತ್ತಾರೆ. ನೇಯಲು ವಾರಗಳು ಬೇಕು, ಅದಕ್ಕೇ ನಾಳೆ ಬೆಳಿಗ್ಗೆ, ಈ ಕಾಗದ ಒಯ್ಯುವ ಲಾರಿ ಹೊರಡುವ ಮುಂಚೆ, ಕೆಳಕೇರಿಯ ನೇಯ್ಗೆಯ ಮುದುಕಿಯ ಮನೆಗೆ ಹೋಗುತ್ತೇನೆ. ಎಷ್ಟು ಉದ್ದ ಬೇಕು ಎಂದು ಅವಳು ಕೇಳುತ್ತಾಳೆ. ನಿನ್ನ ಕಾಗದಗಳನ್ನೆಲ್ಲ ಹರಡಿಕೊಂಡು ಹುಡುಕಿದೆ, ಅದು ಎಲ್ಲೂ ಇಲ್ಲ. ನಾನು ಕೇಳಿರಲೂ ಇಲ್ಲ. ಅವಳ ಅಂಗಳದಲ್ಲಿ ನಿಂತು, ನೆಲದಿಂದ ಕೈ ಮೇಲೆತ್ತಿ ಇಷ್ಟು ಎಂದು ತೋರಿಸಬೇಕು. ಮೊಣಕಾಲಿಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ. ಕೈ ಎಲ್ಲಿ ನಿಲ್ಲಿಸಬೇಕೋ ನನಗೆ ಗೊತ್ತಿಲ್ಲ. ಆದರೂ ನಾಳೆ ಬೆಳಿಗ್ಗೆ ಹೋಗಿ ತೋರಿಸುತ್ತೇನೆ.

ಅಪ್ಪ